ಮೀಟರಿನ ಮುಖ ಯಾರ ಕಡೆಗೆ?

ವಿದ್ಯುಚ್ಛಕ್ತಿ ಮನೆಯೊಳಕ್ಕೆ ಬರುವುದಕ್ಕೆ ಮುಂಚೆ, ಮನೆಯಲ್ಲಿ ಉರಿಯುವ ವಸ್ತು ಯಾವುದೇ ಆಗಿರಲಿ, ಅದು ಕಣ್ಣಿಗೆ ಕಾಣುತ್ತಿತ್ತು. ಹಿತ್ತಿಲಲ್ಲಿ ಒಟ್ಟಿದ್ದ ಸೌದೆಯ ರಾಶಿ ದಿನದಿನಕ್ಕೆ ತಗ್ಗುತ್ತಿತ್ತು. ಸೀಮೆಎಣ್ಣೆಯ ಡಬ್ಬವನ್ನು ಒಮ್ಮೆ ಅಲುಗಿಸಿದರೆ ಸಾಕು, ಇನ್ನೆಷ್ಟು ದಿನಕ್ಕೆ ಬಂದೀತೆಂಬುದು ಮನೆಯಾಕೆಗೆ ಅದರ ಸದ್ದಿನಿಂದಲೇ ತಿಳಿಯುತ್ತಿತ್ತು. ಲಾಂದ್ರದ ಬತ್ತಿಯನ್ನು ಇಳಿಸಬೇಕೆಂದು ಆಕೆಗೆ ಯಾರೂ ಉಪದೇಶ ಮಾಡಬೇಕಾಗಿರಲಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಅಂಥ ಸಂಸಾರಗಳ ಮಾತು. ಆದರೆ ಹಾಸಿಗೆಯೇ ಕಾಣದ ಕತ್ತಲಲ್ಲಿ ಮಲಗಿದವನು ಕಾಲನ್ನು ಎಷ್ಟೆಂದು ಚಾಚಬೇಕು?

ವಿದ್ಯುತ್ತು ನಮ್ಮನ್ನು ಇಟ್ಟಿರುವುದು ಅಂಥ ಕತ್ತಲಲ್ಲಿ. ಬೆಳಕನ್ನು ಕೊಡುವ ವಸ್ತುವೇ ತನ್ನ ಖರ್ಚನ್ನು ಮಾತ್ರ ಮರೆಮಾಡಿತು. ಅದಕ್ಕೆ ರಾಶಿಯಿಲ್ಲ, ಡಬ್ಬವಿಲ್ಲ, ವಾಸನೆಯಿಲ್ಲ, ಬೂದಿಯಾದರೂ ಉಳಿಯುವುದಿಲ್ಲ. ಅದು ಬಂದುಹೋದುದಕ್ಕೆ ಒಂದೇ ಒಂದು ಸಾಕ್ಷಿಯಿದೆ. ಅದು ಜಗಲಿಯ ಮೂಲೆಯಲ್ಲೋ, ಮೆಟ್ಟಿಲ ಕೆಳಗೋ, ದೊಡ್ಡ ವಠಾರಗಳಲ್ಲಾದರೆ ನೆಲಮಾಳಿಗೆಯ ಕತ್ತಲೆಯಲ್ಲೋ ತಗುಲಿಹಾಕಿರುವ ಮೀಟರು. ಮನೆಯವರು ಅದರ ಮುಖ ನೋಡುವುದು ಅಪರೂಪ. ತಿಂಗಳಿಗೊಮ್ಮೆ ನೋಡುವವನು ಹೊರಗಿನಿಂದ ಬರುವ ರೀಡರು. ಸಾಕ್ಷಿ ನಮ್ಮ ಮನೆಯಲ್ಲಿದೆ, ಆದರೆ ಸಾಕ್ಷ್ಯ ಹೇಳುವುದು ಬೇರೆಯವರಿಗೆ. ಇದು ಹೀಗೇಕಾಯಿತು, ಆ ಮುಖವನ್ನು ನಮ್ಮ ಕಡೆಗೆ ತಿರುಗಿಸಿಕೊಳ್ಳಲು ಯಾರು ಯಾರು ಏನೇನು ಮಾಡಿದರು, ತಿರುಗಿಸಿಕೊಂಡರೆ ನಿಜವಾಗಿಯೂ ಉಳಿತಾಯವಾಗುವುದೆ ಎಂಬುದು ಸುಮಾರು ನೂರೈವತ್ತು ವರ್ಷಗಳ ಕಥೆ. ಕರೆಂಟು ಬಿಲ್ಲು ಕಟ್ಟುವವರೆಲ್ಲರೂ ಅದರಲ್ಲಿ ಪಾತ್ರಧಾರಿಗಳಾಗಿರುವುದರಿಂದ ಅದನ್ನು ಇಲ್ಲಿ ಸಂಗ್ರಹವಾಗಿ ಹೇಳಬಯಸುತ್ತೇನೆ.

ಗಾಜಿನ ಜಾಡಿಯ ಲೆಕ್ಕ

ಮೊದಮೊದಲು ವಿದ್ಯುತ್ತಿಗೆ ಅಳತೆಯೇ ಇರಲಿಲ್ಲ. ದೀಪಕ್ಕಿಷ್ಟು, ತಿಂಗಳಿಗಿಷ್ಟು ಎಂದು ಗೊತ್ತುಮಾಡಿಕೊಳ್ಳುತ್ತಿದ್ದರು. ದೀಪ ಎಷ್ಟು ಹೊತ್ತು ಉರಿಯಿತೆಂಬುದನ್ನು ಲೆಕ್ಕವಿಡಲು ಅಮೆರಿಕದ ಸ್ಯಾಮ್ಯುಯಲ್ ಗಾರ್ಡಿನರ್ ಎಂಬಾತ 1872ರಲ್ಲಿ ಒಂದು ಯಂತ್ರವನ್ನು ಮಾಡಿದ. ಅದು ಹೆಚ್ಚುಕಡಿಮೆ ಒಂದು ಗಡಿಯಾರ. ವಿದ್ಯುತ್ ಹರಿದಾಗ ಓಡುವುದು, ನಿಂತಾಗ ನಿಲ್ಲುವುದು. ದೀಪಗಳೆಲ್ಲ ಒಂದೇ ಸ್ವಿಚ್ಚಿಗೆ ಹತ್ತಿ ಆರುವುದಾದರೆ ಈ ಲೆಕ್ಕ ಸರಿಯೆ. ಕೋಣೆಗೊಂದು ಸ್ವಿಚ್ಚು ಬಂದ ಮೇಲೆ ಅದು ಕೆಲಸಕ್ಕೆ ಬಾರದಾಯಿತು.

1882ರ ಸೆಪ್ಟೆಂಬರ್ 4ರಂದು ನ್ಯೂಯಾರ್ಕಿನ ಪರ್ಲ್ ಬೀದಿಯಲ್ಲಿ ಥಾಮಸ್ ಆಲ್ವಾ ಎಡಿಸನ್ ತನ್ನ ವಿದ್ಯುತ್ ಕೇಂದ್ರವನ್ನು ಆರಂಭಿಸಿದ. ಮೊದಲ ಕೆಲವು ತಿಂಗಳು ಗಿರಾಕಿಗಳಿಂದ ಹಣ ಕೇಳಲಿಲ್ಲ. ಆಮೇಲೆ ಕೇಳಿದಾಗ ಲೆಕ್ಕಕ್ಕೆಂದು ಇಟ್ಟುಕೊಂಡ ಉಪಕರಣ ವಿಚಿತ್ರವಾದುದು. ಒಂದು ಗಾಜಿನ ಜಾಡಿ. ಅದರಲ್ಲಿ ಸತುವಿನ ಲವಣದ ದ್ರಾವಣ. ಅದರೊಳಗೆ ಎರಡು ಸತುವಿನ ಫಲಕಗಳು. ಮನೆಗೆ ಹೋಗುವ ವಿದ್ಯುತ್ತಿನಲ್ಲಿ ಒಂದು ಸಣ್ಣ ಪಾಲನ್ನು ಈ ಜಾಡಿಯ ಮೂಲಕ ಹರಿಸುತ್ತಿದ್ದರು. ಹರಿದಷ್ಟೂ ಒಂದು ಫಲಕದಿಂದ ಸತು ಕರಗಿ ಇನ್ನೊಂದಕ್ಕೆ ಅಂಟುತ್ತಿತ್ತು. ತಿಂಗಳಿಗೊಮ್ಮೆ ಕಂಪೆನಿಯ ಆಳು ಬಂದು ಫಲಕಗಳನ್ನು ಕೇಂದ್ರಕ್ಕೆ ಒಯ್ದು, ತೂಕಮಾಡಿ, ತೂಕದ ವ್ಯತ್ಯಾಸದಿಂದ ಬಿಲ್ಲನ್ನು ಬರೆಯುತ್ತಿದ್ದ. ಚಳಿಗಾಲದಲ್ಲಿ ಜಾಡಿಯ ನೀರು ಹೆಪ್ಪುಗಟ್ಟದಿರಲೆಂದು ಪೆಟ್ಟಿಗೆಯೊಳಗೆ ಒಂದು ಪುಟ್ಟ ದೀಪವನ್ನೂ ಇಟ್ಟಿರುತ್ತಿದ್ದರು.

ಇದರ ಲೆಕ್ಕ ತಕ್ಕಮಟ್ಟಿಗೆ ಸರಿಯಾಗಿಯೇ ಇತ್ತೆನ್ನಬೇಕು. ಆದರೆ ಮನೆಯ ಯಜಮಾನ ಆ ಜಾಡಿಯ ಮುಂದೆ ಎಷ್ಟು ಹೊತ್ತು ನಿಂತರೂ ಅವನಿಗೆ ಏನೂ ತಿಳಿಯುವಂತಿರಲಿಲ್ಲ. ಅವನ ಮನೆಯ ಖರ್ಚು ಅವನಿಗೆ ಗೊತ್ತಾಗುತ್ತಿದ್ದುದು ಕಂಪೆನಿಯ ತಕ್ಕಡಿ ಹೇಳಿದ ಮೇಲೆ. ಗ್ಯಾಸ್ ಕಂಪೆನಿಗಳ ಮೀಟರಿನಲ್ಲಿ ಮುಳ್ಳುಗಳಾದರೂ ಇದ್ದುವು. ಇದರಲ್ಲಿ ಅದೂ ಇಲ್ಲ. ಮೀಟರು ಮಾರುವವನ ಕಣ್ಣು, ಕೊಳ್ಳುವವನ ಕಣ್ಣಲ್ಲ ಎಂಬ ಸಂಪ್ರದಾಯ ಹೀಗೆ ಮೊದಲ ದಿನದಿಂದಲೇ ನೆಲೆಗೊಂಡಿತು.

ಅಳತೆಯ ಹೆಸರಿಗೂ ಒಂದು ಹಿನ್ನೆಲೆಯಿದೆ. ನಾವು ದಿನಬೆಳಗಾದರೆ ಹೇಳುವ ‘ಯೂನಿಟ್’ ಎಂಬ ಮಾತು 1880ರ ದಶಕದ ಇಂಗ್ಲೆಂಡಿನದು. ಅಲ್ಲಿಯ ಸರ್ಕಾರದ ವಾಣಿಜ್ಯ ಇಲಾಖೆಯಾದ ಬೋರ್ಡ್ ಆಫ್ ಟ್ರೇಡ್, ಸಾವಿರ ವ್ಯಾಟಿನ ಉಪಕರಣ ಒಂದು ಗಂಟೆ ನಡೆದರೆ ತಗಲುವ ಶಕ್ತಿಯನ್ನು ಒಂದು ಮಾನವೆಂದು ಗೊತ್ತುಮಾಡಿತು. ಅದಕ್ಕೆ ಬಹುಕಾಲ ‘ಬೋರ್ಡ್ ಆಫ್ ಟ್ರೇಡ್ ಯೂನಿಟ್’ ಎಂದೇ ಹೆಸರು. ಇಲಾಖೆಯ ಹೆಸರು ಬಳಕೆಯಲ್ಲಿ ಸವೆದುಹೋಗಿ ಬರಿಯ ಯೂನಿಟ್ ಉಳಿದುಕೊಂಡಿತು.

ಬಿದ್ದ ಸ್ಪ್ರಿಂಗು ತಿರುಗಿತು

ಎಡಿಸನ್ನನ ಜಾಡಿ ಒಂದೇ ದಿಕ್ಕಿಗೆ ಹರಿಯುವ ವಿದ್ಯುತ್ತಿಗೆ ಮಾತ್ರ ಆಗುತ್ತಿತ್ತು. ದಿಕ್ಕು ಬದಲಿಸುತ್ತ ಹರಿಯುವ ವಿದ್ಯುತ್ತು, ಅಂದರೆ ಇಂದು ನಮ್ಮ ಮನೆಗಳಿಗೆ ಬರುವ ಎ.ಸಿ., ಬಂದಾಗ ಸತು ಅತ್ತಲೂ ಹೋಗದು, ಇತ್ತಲೂ ಹೋಗದು. ಹೊಸ ಉಪಾಯ ಬೇಕಾಯಿತು. ಅದು ದೊರೆತುದು ಆಕಸ್ಮಿಕವಾಗಿ. 1888ರಲ್ಲಿ ವೆಸ್ಟಿಂಗ್‌ಹೌಸ್ ಕಂಪೆನಿಯ ಆಲಿವರ್ ಷಾಲೆನ್‌ಬರ್ಗರ್ ಎಂಬ ಎಂಜಿನಿಯರು ಒಂದು ಹೊಸ ದೀಪವನ್ನು ಪರೀಕ್ಷಿಸುತ್ತಿದ್ದಾಗ ಅದರೊಳಗಿಂದ ಒಂದು ಸಣ್ಣ ಸ್ಪ್ರಿಂಗು ಕಳಚಿ ಬಿತ್ತು. ಬಿದ್ದುದು ಸುಮ್ಮನೆ ಬಿದ್ದಿರದೆ ತನ್ನಷ್ಟಕ್ಕೆ ತಾನು ತಿರುಗುತ್ತಿತ್ತು. ಇನ್ನೊಬ್ಬರಾಗಿದ್ದರೆ ಅದನ್ನು ಎತ್ತಿ ಅದರ ಜಾಗದಲ್ಲಿ ಸಿಕ್ಕಿಸಿ ಕೆಲಸ ಮುಂದುವರಿಸುತ್ತಿದ್ದರೋ ಏನೋ. ಈತ ಅದು ಏಕೆ ತಿರುಗಿತೆಂದು ಯೋಚಿಸಿದ. ಕೆಲವೇ ವಾರಗಳಲ್ಲಿ ತಿರುಗುವ ಮೀಟರನ್ನು ಮಾಡಿಬಿಟ್ಟ.

ತಿರುಗಿದುದಕ್ಕೆ ಕಾರಣವಾದ ತತ್ತ್ವವನ್ನು, ಎಂದರೆ ಸುತ್ತುವ ಕಾಂತಕ್ಷೇತ್ರವನ್ನು, ಇಟಲಿಯ ಟ್ಯೂರಿನ್ನಿನಲ್ಲಿ ಗೆಲಿಲಿಯೊ ಫೆರಾರಿಸ್ ಎಂಬ ವಿಜ್ಞಾನಿ 1885ರಲ್ಲಿಯೇ ಕಂಡುಕೊಂಡಿದ್ದ. ಷಾಲೆನ್‌ಬರ್ಗರನ ಯಂತ್ರ ವಿದ್ಯುತ್ತಿನ ಹರಿವನ್ನಷ್ಟೆ ಎಣಿಸುತ್ತಿತ್ತು. ಹರಿವು, ಒತ್ತಡ ಎರಡನ್ನೂ ಸೇರಿಸಿ ನಿಜವಾದ ಶಕ್ತಿಯನ್ನೇ ಎಣಿಸುವ ಯಂತ್ರಕ್ಕೆ ಹಂಗೇರಿಯ ಗಾಂಟ್ಸ್ ಕಾರ್ಖಾನೆಯ ಓಟ್ಟೊ ಬ್ಲಾಟಿ 1889ರಲ್ಲಿ ಹಕ್ಕುಪತ್ರ ಪಡೆದ. ಮರದ ಹಲಗೆಯ ಮೇಲೆ ಕೂರಿಸಿದ ಆತನ ಮೊದಲ ಮೀಟರುಗಳ ತೂಕ 23 ಕಿಲೋಗ್ರಾಂ.

ಆ ವಂಶದ ಮೀಟರನ್ನು ನಮ್ಮಲ್ಲಿ ಅನೇಕರು ನೋಡಿದ್ದೇವೆ. ಕಪ್ಪು ಪೆಟ್ಟಿಗೆ, ಗಾಜಿನ ಕಿಂಡಿ, ಅದರ ಹಿಂದೆ ಅಡ್ಡಲಾಗಿ ತಿರುಗುವ ಅಲ್ಯೂಮಿನಿಯಂ ಬಿಲ್ಲೆ, ಬಿಲ್ಲೆಯ ಅಂಚಿನಲ್ಲಿ ಒಂದು ಬಣ್ಣದ ಗುರುತು. ಬಿಲ್ಲೆಯ ಮೇಲೂ ಕೆಳಗೂ ಎರಡು ತಂತಿಸುರುಳಿಗಳು. ಒಂದು ಹರಿವಿಗೆ, ಒಂದು ಒತ್ತಡಕ್ಕೆ. ಎರಡೂ ಸೇರಿ ಬಿಲ್ಲೆಯೊಳಗೆ ವಿದ್ಯುತ್ತಿನ ಸುಳಿಗಳನ್ನೆಬ್ಬಿಸಿ ಅದನ್ನು ನೂಕುತ್ತವೆ. ಅದು ಅಂಕೆ ಮೀರಿ ಓಡದಂತೆ ಒಂದು ಅಯಸ್ಕಾಂತ ಹಿಡಿದೆಳೆಯುತ್ತದೆ. ಇದರಿಂದ ಬಿಲ್ಲೆಯ ವೇಗ ಮನೆಯ ಬಳಕೆಗೆ ಸರಿಯಾಗಿ ಏರಿಳಿಯುತ್ತದೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಅದು ಆಮೆಯಂತೆ ಸರಿಯುವುದನ್ನೂ, ಬೆಳಿಗ್ಗೆ ಬಚ್ಚಲಮನೆಯ ಬಾಯ್ಲರನ್ನು ಹಾಕಿದಾಗ ಬುಗುರಿಯಂತೆ ತಿರುಗುವುದನ್ನೂ ನೋಡಿದ ಮಗುವಿಗೆ ವಿದ್ಯುತ್ತಿನ ಪಾಠವನ್ನು ಬೇರೆ ಹೇಳಬೇಕಾಗಿರಲಿಲ್ಲ. ತನಗೆ ಗೊತ್ತಿಲ್ಲದೆಯೇ ಆ ಯಂತ್ರ ಮೊಟ್ಟಮೊದಲಿಗೆ ಮನೆಯವರ ಕಡೆಗೂ ಮುಖಮಾಡಿತ್ತು. ನೋಡುವವರು ಮಾತ್ರ ಕಡಿಮೆ.

ಹೆಚ್ಚು ಬಳಸಿ, ಕಡಿಮೆ ಕೊಡಿ

ಕಡಿಮೆಯಿದ್ದುದಕ್ಕೆ ಒಂದು ಕಾರಣ ಮನೆಯವರಿಗೆ ದೊರೆಯುತ್ತಿದ್ದ ಬೋಧನೆ. ವಿದ್ಯುತ್ ಕಂಪೆನಿಯ ಖರ್ಚಿನಲ್ಲಿ ಬಹುಪಾಲು ಯಂತ್ರಕ್ಕೂ ತಂತಿಗೂ ಹಾಕಿದ ಬಂಡವಾಳ. ಅದು ದೀಪ ಉರಿದರೂ ಒಂದೆ, ಆರಿದರೂ ಒಂದೆ. ಇದನ್ನು ಇಂಗ್ಲೆಂಡಿನ ಜಾನ್ ಹಾಪ್ಕಿನ್‌ಸನ್ 1892ರಲ್ಲಿ ಸ್ಪಷ್ಟವಾಗಿ ವಿವರಿಸಿದ. ಬ್ರೈಟನ್ ನಗರದ ಎಂಜಿನಿಯರಾಗಿದ್ದ ಆರ್ಥರ್ ರೈಟ್ ಅದನ್ನು ಆಚರಣೆಗೆ ತಂದ. ಗಿರಾಕಿ ಒಮ್ಮೆಲೇ ಗರಿಷ್ಠವಾಗಿ ಎಷ್ಟು ಎಳೆದನೆಂಬುದನ್ನು ಗುರುತಿಸುವ ಒಂದು ಸೂಚಕವನ್ನು ಮೀಟರಿನ ಜೊತೆಗೆ ಜೋಡಿಸಿ, ಅದಕ್ಕೆ ತಕ್ಕಂತೆ ಮೊದಲ ಯೂನಿಟ್ಟುಗಳಿಗೆ ಹೆಚ್ಚು ದರ, ಆಮೇಲಿನವಕ್ಕೆ ಕಡಿಮೆ ದರ ಎಂದು ಏರ್ಪಾಡು ಮಾಡಿದ. ಹೆಚ್ಚು ಹೊತ್ತು ದೀಪ ಉರಿಸಿದವನಿಗೆ ಯೂನಿಟ್ಟು ಅಗ್ಗ. ಚಿಕಾಗೊ ಎಡಿಸನ್ ಕಂಪೆನಿಯ ಸ್ಯಾಮ್ಯುಯಲ್ ಇನ್ಸಲ್ 1894ರಲ್ಲಿ ಬ್ರೈಟನ್ನಿಗೆ ಹೋಗಿದ್ದಾಗ ಅಲ್ಲಿಯ ಅಂಗಡಿಗಳ ದೀಪಗಳನ್ನು ಕಂಡು ಬೆರಗಾಗಿ ಈ ಪದ್ಧತಿಯನ್ನು ಅಮೆರಿಕಕ್ಕೆ ಒಯ್ದ. ಅನಂತರದ ಹಲವು ದಶಕಗಳ ಕಾಲ ವಿದ್ಯುತ್ ಕಂಪೆನಿಗಳ ಮಂತ್ರ ಒಂದೇ: ಹೆಚ್ಚು ಬಳಸಿ.

ನಮ್ಮ ನಾಡಿನ ಕಥೆಯೂ ಇದೇ ಜಾಡಿನಲ್ಲಿ ನಡೆಯಿತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಬೆಂಬಲದಿಂದಲೂ ಎಂಜಿನಿಯರ್ ಡಿ ಲಾಟ್‌ಬಿನಿಯೇರ್ ಅವರ ಯೋಜನೆಯಿಂದಲೂ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು 1902ರ ಜೂನ್ ತಿಂಗಳಲ್ಲಿ 92 ಮೈಲಿ ಹರಿದು ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ಗಣಿ ಕಂಪೆನಿಗಳಿಗೆ ಅದನ್ನು ಮಾರಿದುದು ಯೂನಿಟ್ಟಿನ ಲೆಕ್ಕದಲ್ಲಲ್ಲ; ಒಂದು ಕುದುರೆಬಲಕ್ಕೆ ವರ್ಷಕ್ಕೆ ಇಷ್ಟು ಪೌಂಡು ಎಂದು. ಕಾವೇರಿಯ ನೀರು ಹೇಗೂ ಧುಮುಕುತ್ತಿರುವಾಗ ಇಡೀ ವರ್ಷಕ್ಕೆ ಗುತ್ತಿಗೆ ಹಿಡಿದವನು ಹಗಲೂ ರಾತ್ರಿ ಬಳಸಲಿ, ಬಿಡಲಿ, ಮಾರುವವನಿಗೆ ನಷ್ಟವಿಲ್ಲ. 1905ರ ಆಗಸ್ಟಿನಲ್ಲಿ ಬೆಂಗಳೂರಿನ ಬೀದಿಗಳಿಗೆ ವಿದ್ಯುದ್ದೀಪ ಬಂತು. ಬೀದಿಯಿಂದ ಮನೆಗೆ ಬಂದಾಗ ಅದರ ಹಿಂದೆಯೇ ಮೀಟರೂ ಬಂತು.

ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಬೆಳೆದವರಿಗೆ ‘ಎ.ಇ.ಎಚ್.’ ಎಂಬ ಮೂರು ಅಕ್ಷರಗಳು ನೆನಪಿರಬೇಕು. ಎಲ್ಲವೂ ವಿದ್ಯುತ್ತಿನಿಂದಲೇ ನಡೆಯುವ ಮನೆ ಎಂದು ಅದರ ಅರ್ಥ. ದೀಪಕ್ಕಷ್ಟೇ ಅಲ್ಲ, ನೀರು ಕಾಯಿಸಲು, ಅಡುಗೆ ಮಾಡಲು ಸಹ ವಿದ್ಯುತ್ತನ್ನು ಬಳಸುವ ಮನೆಗಳಿಗೆ ಬೇರೆ ವರ್ಗ. ಹಂಡೆಯ ಒಲೆಯ ಹೊಗೆಯಿಂದ ಬಿಡುಗಡೆ ಹೊಂದಿದ ಸಂಸಾರಗಳಿಗೆ ಅದು ಒಂದು ಅಂತಸ್ತಿನ ಗುರುತೂ ಆಗಿತ್ತು. ಆಗ ನಮ್ಮ ವಿದ್ಯುತ್ತೆಲ್ಲ ನೀರಿನಿಂದ ಬರುತ್ತಿದ್ದುದು. ಶರಾವತಿ ತುಂಬಿದ್ದರೆ ಮನೆಯೂ ತುಂಬಿದ್ದಂತೆ. ರಾಯಚೂರಿನ ಶಾಖೋತ್ಪನ್ನ ಕೇಂದ್ರದ ಮೊದಲ ಘಟಕ ಕೆಲಸ ಮಾಡತೊಡಗಿದುದು 1985ರಲ್ಲಿ. ಅಲ್ಲಿಯವರೆಗೆ ಮುಂಗಾರು ಕೈಕೊಟ್ಟ ವರ್ಷ ಕರೆಂಟೂ ಕೈಕೊಡುತ್ತಿತ್ತು. ನಮ್ಮಲ್ಲಿ ಮಿತವ್ಯಯವನ್ನು ಕಲಿಸಿದುದು ಮೀಟರಲ್ಲ, ಪವರ್ ಕಟ್. ಕತ್ತಲೆ ಬಂದಾಗ ಮೇಣದಬತ್ತಿ ಹುಡುಕುವುದನ್ನು ಕಲಿತೆವು. ಬೆಳಕಿದ್ದಾಗ ಲೆಕ್ಕವಿಡುವುದನ್ನು ಕಲಿಯಲಿಲ್ಲ.

ಅಡುಗೆಮನೆಯಲ್ಲಿ ನೀಲಿ ದೀಪ

ಹೆಚ್ಚು ಬಳಸಿ ಎಂಬ ಮಂತ್ರ ಜಗತ್ತಿನಲ್ಲಿ ನಿಂತುಹೋದುದು 1973ರಲ್ಲಿ. ಅರಬ್ ದೇಶಗಳು ತೈಲ ಕೊಡುವುದನ್ನು ಕಡಿಮೆಮಾಡಿ ಬೆಲೆ ಏರಿದಾಗ, ಮನೆಗಳು ಎಷ್ಟು ಶಕ್ತಿಯನ್ನು ಏಕೆ ಬಳಸುತ್ತವೆ ಎಂಬ ಪ್ರಶ್ನೆ ಶ್ರೀಮಂತ ದೇಶಗಳಿಗೂ ಹುಟ್ಟಿತು. ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯದ ರಾಬರ್ಟ್ ಸೊಕೊಲೊ ಮತ್ತು ಸಂಗಡಿಗರು ಇದಕ್ಕೆ ಮುಂಚೆಯೇ, 1972ರಲ್ಲಿ, ಸಮೀಪದ ಟ್ವಿನ್ ರಿವರ್ಸ್ ಎಂಬ ಬಡಾವಣೆಯಲ್ಲಿ ಅಧ್ಯಯನ ಆರಂಭಿಸಿದ್ದರು. ಅಲ್ಲಿ ಸಾಲಾಗಿ ಒಂದೇ ನಕ್ಷೆಯ ಮನೆಗಳು. ಗೋಡೆ, ಕಿಟಕಿ, ಒಲೆ ಎಲ್ಲ ಒಂದೆ. ಆದರೂ ಒಂದು ಮನೆಯ ಬಳಕೆ ಇನ್ನೊಂದರ ಎರಡರಷ್ಟಿರುವುದುಂಟು. ಸಂಸಾರ ಖಾಲಿಮಾಡಿ ಇನ್ನೊಂದು ಸಂಸಾರ ಬಂದರೆ ಅದೇ ಮನೆಯ ಬಳಕೆ ಬದಲಾಗುತ್ತಿತ್ತು. ಮನೆಯಲ್ಲ, ಮನೆಯವರು ಎಂಬುದು ಎಂಜಿನಿಯರುಗಳಿಗೆ ಆಗ ಮನದಟ್ಟಾಯಿತು.

ಅದೇ ಬಡಾವಣೆಯಲ್ಲಿ ಮನಶ್ಶಾಸ್ತ್ರಜ್ಞರಾದ ಕ್ಲೈವ್ ಸೆಲಿಗ್ಮನ್ ಮತ್ತು ಜಾನ್ ಡಾರ್ಲಿ 1977ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಬಹಳ ಸರಳವಾದುದು. ಬೇಸಗೆಯಲ್ಲಿ ಒಂದು ತಿಂಗಳ ಕಾಲ, ವಾರಕ್ಕೆ ನಾಲ್ಕು ಸಲ, ಆಯ್ದ ಮನೆಗಳ ಅಡುಗೆಮನೆಯ ಕಿಟಕಿಗೆ, ನಿಮ್ಮ ನಿನ್ನೆಯ ಬಳಕೆ ನಿರೀಕ್ಷಿಸಿದ್ದರ ಶೇಕಡ ಇಷ್ಟು ಎಂದು ಒಂದು ಅಂಕಿಯನ್ನು ತೋರಿಸಿದರು. ಅಷ್ಟೆ. ಬಹುಮಾನವಿಲ್ಲ, ದಂಡವಿಲ್ಲ, ಉಪನ್ಯಾಸವಿಲ್ಲ. ಅಂಕಿಯನ್ನು ಕಂಡ ಮನೆಗಳು ಕಾಣದ ಮನೆಗಳಿಗಿಂತ ಶೇಕಡ 10.5ರಷ್ಟು ಕಡಿಮೆ ಬಳಸಿದುವು.

ಮರುವರ್ಷ ಪ್ರಕಟವಾದ ಇನ್ನೊಂದು ಪ್ರಯೋಗ ನನಗೆ ಇದಕ್ಕಿಂತಲೂ ಹಿಡಿಸಿದೆ. ಲಾರೆನ್ಸ್ ಬೆಕರ್ ಮತ್ತು ಸೆಲಿಗ್ಮನ್ ಅಡುಗೆಮನೆಯಲ್ಲಿ ಒಂದು ನೀಲಿ ದೀಪವನ್ನು ಹಾಕಿಸಿದರು. ಹೊರಗಿನ ಗಾಳಿ ಸುಮಾರು 20 ಡಿಗ್ರಿ ಸೆಲ್ಸಿಯಸ್ಸಿಗಿಂತ ತಣ್ಣಗಾಗಿದ್ದು, ಒಳಗೆ ಮಾತ್ರ ಏರ್ ಕಂಡಿಷನರು ಇನ್ನೂ ಓಡುತ್ತಿದ್ದರೆ ಆ ದೀಪ ಮಿನುಗುತ್ತಿತ್ತು. ಯಂತ್ರವನ್ನು ಆರಿಸುವವರೆಗೂ ಅದು ಬಿಡದೆ ಮಿನುಗುವುದು. ಎದ್ದುಹೋಗಿ ಯಂತ್ರ ಆರಿಸಿ ಕಿಟಕಿ ತೆರೆದರೆ ಮುಗಿಯಿತು. ದೀಪವಿದ್ದ ಮನೆಗಳಲ್ಲಿ ಶೇಕಡ 15.7ರಷ್ಟು ಉಳಿತಾಯವಾಯಿತು. ಅಂಕಿಯೂ ಬೇಡ, ಲೆಕ್ಕವೂ ಬೇಡ; ಯಾವ ಕೆಲಸವನ್ನು ಯಾವಾಗ ಮಾಡಬೇಕೋ ಆಗಲೇ, ಮಾಡುವವರ ಕಣ್ಣಮುಂದೆಯೇ ಹೇಳಿದ ಮಾತು ಅದು. ನಮ್ಮ ಮನೆಯ ಹಿರಿಯ ಹೆಂಗಸರು ಹಾಲು ಉಕ್ಕುವ ಹೊತ್ತಿಗೆ ಸರಿಯಾಗಿ ಒಳಕ್ಕೆ ಕೂಗಿ ಹೇಳುತ್ತಾರಲ್ಲ, ಅದೇ ಜಾಣತನ.

ಇಲ್ಲಿಂದ ಮುಂದಿನ ಐವತ್ತು ವರ್ಷಗಳ ಅಧ್ಯಯನಗಳು ಹೆಚ್ಚುಕಡಿಮೆ ಈ ಎರಡು ಪ್ರಯೋಗಗಳ ಭಾಷ್ಯ. ಆಕ್ಸ್‌ಫರ್ಡಿನ ಸಾರಾ ಡಾರ್ಬಿ 2006ರಲ್ಲಿ ಇಂಥ ಪರೀಕ್ಷೆಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿ, ಬಳಕೆ ಆದಾಗಲೇ ಮನೆಯಲ್ಲಿ ತೋರಿಸಿದರೆ ಶೇಕಡ 5ರಿಂದ 15ರವರೆಗೆ ಉಳಿತಾಯ, ಆಮೇಲೆ ಬಿಲ್ಲಿನ ಮೂಲಕ ತಿಳಿಸಿದರೆ ಅದಕ್ಕಿಂತ ಕಡಿಮೆ ಎಂದು ಕಂಡರು. ಅಮೆರಿಕದಲ್ಲಿ ಸುಮಾರು 6 ಲಕ್ಷ ಮನೆಗಳಿಗೆ, ನಿಮ್ಮ ನೆರೆಹೊರೆಯವರಿಗಿಂತ ನೀವು ಎಷ್ಟು ಹೆಚ್ಚು ಅಥವಾ ಕಡಿಮೆ ಬಳಸಿದಿರಿ ಎಂಬ ಪತ್ರಗಳನ್ನು ಕಳುಹಿಸಿ ನೋಡಿದಾಗ ಆದ ಉಳಿತಾಯ ಸರಾಸರಿ ಶೇಕಡ 2 ಎಂದು 2011ರಲ್ಲಿ ಹಂಟ್ ಆಲ್ಕಟ್ ವರದಿ ಮಾಡಿದರು. ಸುದ್ದಿ ದೂರದಿಂದ, ತಡವಾಗಿ ಬಂದಷ್ಟೂ ಅದರ ಬಲ ಕಡಿಮೆ. ಈ ಸಂಖ್ಯೆಗಳನ್ನು ಅಕ್ಕಪಕ್ಕದಲ್ಲಿಟ್ಟರೆ ನನಗೆ ಕಾಣುವ ನೀತಿ ಅದು.

ನೆರೆಮನೆಯವರ ಲೆಕ್ಕಕ್ಕೆ ಒಂದು ಅಪಾಯವೂ ಉಂಟು. ಕ್ಯಾಲಿಫೋರ್ನಿಯದ ಸಾನ್ ಮಾರ್ಕೋಸ್‌ನಲ್ಲಿ ನಡೆದು 2007ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಊರಿನ ಸರಾಸರಿಯನ್ನು ತಿಳಿದುಕೊಂಡ ದುಂದುಗಾರರು ಕೈ ಬಿಗಿಹಿಡಿದರು. ಆದರೆ ಅದುವರೆಗೆ ಮಿತವಾಗಿದ್ದವರು, ನಾವೇ ಏಕೆ ಕಷ್ಟಪಡಬೇಕು ಎಂಬಂತೆ, ಬಳಕೆಯನ್ನು ಹೆಚ್ಚಿಸಿಕೊಂಡರು! ಅವರ ಚೀಟಿಯ ಮೇಲೆ ಒಂದು ನಗುಮುಖದ ಚಿತ್ರವನ್ನು ಬರೆದುಕೊಟ್ಟಾಗ ಮಾತ್ರ ಅವರು ಹಿಂದಿನಂತೆಯೇ ಉಳಿದರು. ಮನುಷ್ಯನಿಗೆ ಅಂಕಿ ಸಾಲದು. ಒಂದು ಶಹಬಾಸ್‌ಗಿರಿಯೂ ಬೇಕು.

ನೋಡುವವನನ್ನು ನೋಡುವ ಯಂತ್ರ

ಬಿಲ್ಲೆಯ ಕಾಲ ಮುಗಿದು ಎಲೆಕ್ಟ್ರಾನಿಕ್ ಮೀಟರು ಬಂತು. ಅದರ ಮೇಲೆ, ದೂರದಿಂದಲೇ ಸುದ್ದಿ ಕಳುಹಿಸುವ ಸ್ಮಾರ್ಟ್ ಮೀಟರು ಬಂತು. ಇಟಲಿಯ ಎನೆಲ್ ಕಂಪೆನಿ 2001ರಲ್ಲಿ ಆರಂಭಿಸಿ ಕೆಲವೇ ವರ್ಷಗಳಲ್ಲಿ ಸುಮಾರು 3 ಕೋಟಿ ಮೀಟರುಗಳನ್ನು ಬದಲಿಸಿತು. ಅಲ್ಲಿ ಮುಖ್ಯ ಉದ್ದೇಶ ರೀಡರನ ಓಡಾಟವನ್ನು ತಪ್ಪಿಸುವುದು, ಕಳ್ಳತನವನ್ನು ಹಿಡಿಯುವುದು. ನಮ್ಮ ದೇಶದಲ್ಲಿ 2003ರ ವಿದ್ಯುಚ್ಛಕ್ತಿ ಕಾಯಿದೆಯ 55ನೆಯ ಕಲಮು ಮೀಟರಿಲ್ಲದೆ ವಿದ್ಯುತ್ ಕೊಡಬಾರದೆಂದು ಹೇಳಿತು. 2021ರಲ್ಲಿ ಕೇಂದ್ರ ಸರ್ಕಾರ 25 ಕೋಟಿ ಪ್ರಿಪೇಯ್ಡ್ ಸ್ಮಾರ್ಟ್ ಮೀಟರುಗಳ ಗುರಿಯನ್ನಿಟ್ಟುಕೊಂಡಿತು. ಅದರ ಯೋಜನೆಯ ಹೆಸರು, ವಿತರಣಾ ಕಂಪೆನಿಗಳ ಸುಧಾರಣೆಯನ್ನು ಕುರಿತದ್ದು. ಮಾರುವವನ ನಷ್ಟವನ್ನು ತಡೆಯುವುದು ತಪ್ಪೆಂದು ನಾನು ಹೇಳುವುದಿಲ್ಲ. ಆ ನಷ್ಟವನ್ನು ಕೊನೆಗೆ ತುಂಬುವವರು ನಾವೇ. ಆದರೆ ಎಡಿಸನ್ನನ ಜಾಡಿಯ ಸಂಪ್ರದಾಯ ಇನ್ನೂ ಜೀವಂತವಾಗಿದೆ ಎಂಬುದನ್ನು ಮರೆಯಬಾರದು.

ಈ ಯಂತ್ರಕ್ಕೆ ಇನ್ನೊಂದು ಗುಣವಿದೆ. ಅಮೆರಿಕದ ಎಂ.ಐ.ಟಿ.ಯಲ್ಲಿದ್ದ ಜಾರ್ಜ್ ಹಾರ್ಟ್ 1980ರ ದಶಕದಲ್ಲಿ ಮನೆಯೊಳಕ್ಕೆ ಹೋಗದೆ, ಹೊರಗಿನ ಮೀಟರಿನ ಏರಿಳಿತವನ್ನು ಮಾತ್ರ ನೋಡಿ, ಒಳಗೆ ಯಾವ ಉಪಕರಣ ಯಾವಾಗ ಓಡಿತೆಂದು ಹೇಳುವ ವಿಧಾನವನ್ನು ಕಂಡುಹಿಡಿದರು. ಫ್ರಿಜ್ಜಿಗೆ ಒಂದು ನಡಿಗೆ, ಪಂಪಿಗೆ ಒಂದು ನಡಿಗೆ, ಮಿಕ್ಸಿಗೆ ಒಂದು. ಹೆಜ್ಜೆಯ ಸಪ್ಪಳದಿಂದಲೇ ಬಂದವರು ಯಾರೆಂದು ಹೇಳಿದಂತೆ. ಇದರಿಂದ ಮನೆಯವರಿಗೆ ಆಗುವ ಪ್ರಯೋಜನ ದೊಡ್ಡದು. ಆದರೆ ಮನೆಯವರು ಎಷ್ಟು ಹೊತ್ತಿಗೆ ಏಳುತ್ತಾರೆ, ಯಾವಾಗ ಊರಲ್ಲಿಲ್ಲ ಎಂಬುದನ್ನೂ ಅದೇ ಏರಿಳಿತ ಹೇಳಿಬಿಡುತ್ತದೆ. ಆ ವಿಧಾನವನ್ನು ಕಂಡುಹಿಡಿದ ಹಾರ್ಟ್ ಅವರೇ 1989ರಲ್ಲಿ ಈ ಅಪಾಯವನ್ನು ಕುರಿತು ಎಚ್ಚರಿಸಿ ಲೇಖನ ಬರೆದರು. ಇಪ್ಪತ್ತು ವರ್ಷಗಳ ಮೇಲೆ, 2009ರಲ್ಲಿ, ನೆದರ್‌ಲ್ಯಾಂಡ್ಸಿನ ಮೇಲ್ಮನೆ ಸ್ಮಾರ್ಟ್ ಮೀಟರನ್ನು ಕಡ್ಡಾಯ ಮಾಡುವ ಮಸೂದೆಗೆ ಇದೇ ಕಾರಣದಿಂದ ಒಪ್ಪಿಗೆ ಕೊಡಲಿಲ್ಲ. ಬೇಡವೆನ್ನುವ ಹಕ್ಕನ್ನು ಮನೆಯವರಿಗೆ ಕೊಟ್ಟ ಮೇಲೆಯೇ ಅದು ಜಾರಿಗೆ ಬಂತು. ನಮ್ಮಲ್ಲಿ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ 2017ರ ಆಗಸ್ಟ್ 24ರಂದು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಘೋಷಿಸಿತು. ಆ ಹಕ್ಕು ಮೀಟರಿನ ಪೆಟ್ಟಿಗೆಯ ತನಕ ಬರುವುದೆ ಎಂಬುದು ಇಂದು ಕೇಳಬೇಕಾದ ಪ್ರಶ್ನೆ.

ಮಿಣುಕನ್ನು ಎಣಿಸುವುದು

ಇಷ್ಟೆಲ್ಲ ಓದಿದ ಮೇಲೆ, ಹೊಸ ಉಪಕರಣವನ್ನು ಕೊಳ್ಳದೆ ಈಗಿರುವ ಮೀಟರಿನಿಂದಲೇ ಎಷ್ಟು ತಿಳಿಯಬಹುದೆಂಬ ಕುತೂಹಲ ನನಗೆ ಹುಟ್ಟಿತು. ನಮ್ಮ ಮನೆಯ ಮೀಟರಿನ ಮೇಲೆ ಒಂದು ಪುಟ್ಟ ಕೆಂಪು ದೀಪವಿದೆ. ಅದರ ಪಕ್ಕದಲ್ಲಿ 3200 ಎಂಬ ಸಂಖ್ಯೆ. ಆ ದೀಪ 3200 ಸಲ ಮಿಣುಕಿದರೆ ಒಂದು ಯೂನಿಟ್ ಎಂದರ್ಥ. ಹಳೆಯ ಬಿಲ್ಲೆಯ ಬಣ್ಣದ ಗುರುತಿಗೆ ಇದು ಮೊಮ್ಮಗು. ಕೈಯಲ್ಲಿ ಗಡಿಯಾರವೊಂದಿದ್ದರೆ ಸಾಕು. 75 ವ್ಯಾಟಿನ ಹಳೆಯ ಫ್ಯಾನು ಒಂದೇ ತಿರುಗುತ್ತಿದ್ದರೆ 15 ಸೆಕೆಂಡಿಗೊಂದು ಮಿಣುಕು. 35 ವ್ಯಾಟಿನ ಹೊಸ ಬಗೆಯ ಫ್ಯಾನಾದರೆ ಸುಮಾರು 32 ಸೆಕೆಂಡಿಗೊಂದು. 2000 ವ್ಯಾಟಿನ ಗೀಸರನ್ನು ಹಾಕಿದರೆ ಸೆಕೆಂಡಿಗೆ ಎರಡರ ಹತ್ತಿರ ಬಂದು ಕಣ್ಣು ಎಣಿಸಲಾರದೆ ಸೋಲುತ್ತದೆ. 15 ಲೀಟರು ನೀರನ್ನು 20 ಡಿಗ್ರಿಯಿಂದ 60ಕ್ಕೆ ಏರಿಸಲು ತಗಲುವುದು ಸುಮಾರು 0.7 ಯೂನಿಟ್. ಹಳೆಯ 60 ವ್ಯಾಟಿನ ಬಲ್ಬು ದಿನಕ್ಕೆ 5 ಗಂಟೆ ಉರಿದರೆ ತಿಂಗಳಿಗೆ 9 ಯೂನಿಟ್. 9 ವ್ಯಾಟಿನ ಎಲ್.ಇ.ಡಿ.ಗೆ 1.35 ಯೂನಿಟ್.

ಒಂದು ರಾತ್ರಿ ದೀಪ, ಫ್ಯಾನು ಎಲ್ಲವನ್ನೂ ಆರಿಸಿ, ಫ್ರಿಜ್ಜಿನ ಪ್ಲಗ್ಗನ್ನೂ ಸ್ವಲ್ಪ ಹೊತ್ತು ತೆಗೆದು ಮೀಟರಿನ ಮುಂದೆ ನಿಂತೆ. ಮನೆಯಲ್ಲಿ ಯಾವುದೂ ಓಡುತ್ತಿರಲಿಲ್ಲ. ಆದರೂ 40 ಸೆಕೆಂಡಿಗೊಮ್ಮೆ ಮಿಣುಕು ಬರುತ್ತಲೇ ಇತ್ತು. ಗಂಟೆಗೆ 90 ಮಿಣುಕು, ಎಂದರೆ 28 ವ್ಯಾಟ್. ಹಗಲಿರುಳೂ ನಡೆದರೆ ತಿಂಗಳಿಗೆ 20 ಯೂನಿಟ್. ಟೆಲಿವಿಷನ್ನಿನ ಪೆಟ್ಟಿಗೆ, ಇಂಟರ್‌ನೆಟ್ಟಿನ ಪೆಟ್ಟಿಗೆ, ಇನ್ವರ್ಟರು ಇವು ನಿದ್ದೆಯಲ್ಲಿಯೂ ಉಣ್ಣುವ ನೆಂಟರು. ಟೆಲಿವಿಷನ್ನಿನ ಎರಡು ಪ್ಲಗ್ಗುಗಳನ್ನು ರಾತ್ರಿಯಷ್ಟೇ ಅಲ್ಲ, ನೋಡದ ಹೊತ್ತಿನಲ್ಲೆಲ್ಲ ಗೋಡೆಯ ಸ್ವಿಚ್ಚಿನಲ್ಲಿಯೇ ಆರಿಸತೊಡಗಿದ ಮೇಲೆ ಅಂತರ 75 ಸೆಕೆಂಡಿಗೆ ಏರಿತು. ಅರ್ಧದಷ್ಟು ಖರ್ಚು ಒಂದು ಬೆರಳ ಕೆಲಸಕ್ಕೆ ಹೋಯಿತು. ಪ್ರಿನ್ಸ್‌ಟನ್ನಿನ ನೀಲಿ ದೀಪಕ್ಕೂ ನಮ್ಮ ಮೀಟರಿನ ಕೆಂಪು ಮಿಣುಕಿಗೂ ಇರುವ ವ್ಯತ್ಯಾಸ ಇಷ್ಟೆ: ಅದನ್ನು ಮನೆಯವರು ನೋಡಲೆಂದೇ ಅಡುಗೆಮನೆಯಲ್ಲಿಟ್ಟಿದ್ದರು, ಇದನ್ನು ನೋಡಲು ನಾವು ಹೊರಗೆ ಹೋಗಬೇಕು.

ನಮ್ಮ ಜನ ಮೀಟರನ್ನು ನೋಡುವುದೇ ಇಲ್ಲವೆಂದೂ ಹೇಳುವಂತಿಲ್ಲ. 2023ರ ಜುಲೈನಲ್ಲಿ ಕರ್ನಾಟಕದ ‘ಗೃಹಜ್ಯೋತಿ’ ಆರಂಭವಾದಾಗ, ಹಿಂದಿನ ಆರ್ಥಿಕ ವರ್ಷದ ಸರಾಸರಿಗೆ ಶೇಕಡ 10ನ್ನು ಸೇರಿಸಿ, 200 ಯೂನಿಟ್ಟಿನ ಮೇರೆಯೊಳಗೆ, ಅಷ್ಟನ್ನು ಉಚಿತವೆಂದು ಗೊತ್ತುಮಾಡಿದರು. 200ನ್ನು ದಾಟಿದರೆ ಪೂರ್ತಿ ಬಿಲ್ಲು. ಆಗ ನೋಡಬೇಕಿತ್ತು! ನಾನು ಬಲ್ಲ ಎಷ್ಟೋ ಮನೆಗಳಲ್ಲಿ, ಹತ್ತಾರು ವರ್ಷ ಆ ಕಡೆ ತಿರುಗಿಯೂ ನೋಡದಿದ್ದವರು ತಿಂಗಳ ಮಧ್ಯದಲ್ಲಿ ಮೀಟರಿನ ಮುಂದೆ ನಿಂತು ಲೆಕ್ಕ ಹಾಕತೊಡಗಿದರು. ಒಂದು ಗೆರೆ ಎಳೆದರೆ, ಆ ಗೆರೆ ಕಣ್ಣಿಗೆ ಕಂಡರೆ, ಜನ ಕಾಲನ್ನು ಅದಕ್ಕೆ ತಕ್ಕಂತೆ ಚಾಚುತ್ತಾರೆ ಎಂಬುದಕ್ಕೆ ಬೇರೆ ಪ್ರಯೋಗ ಬೇಕಿಲ್ಲ. ಆದರೆ ಆ ಲೆಕ್ಕದಲ್ಲಿ ಒಂದು ಅನ್ಯಾಯವೂ ಅಡಗಿತ್ತು. ಹಿಂದಿನ ವರ್ಷ 80 ಯೂನಿಟ್ಟಿನಲ್ಲಿ ಸಂಸಾರ ತೂಗಿಸಿದವನ ಪಾಲು 88. 150 ಉರಿಸಿದವನ ಪಾಲು 165. ಮಿತವಾಗಿದ್ದುದಕ್ಕೆ ಸಾನ್ ಮಾರ್ಕೋಸಿನವರಿಗೆ ನಗುಮುಖದ ಚಿತ್ರವಾದರೂ ದೊರೆಯಿತು; ನಮ್ಮವನಿಗೆ ದೊರೆತುದು ಚಿಕ್ಕ ಪಾಲು.

ಹೊಸ ಮೀಟರುಗಳನ್ನು ಬೇಡವೆನ್ನುವವರ ಗುಂಪಿಗೆ ನಾನು ಸೇರಿದವನಲ್ಲ. ಬರುವ ಮೀಟರಿನ ಜೊತೆಗೆ ಎರಡು ಮಾತು ಕೇಳುವ ಹಕ್ಕು ನಮಗಿದೆ ಎಂದು ಮಾತ್ರ ಹೇಳುತ್ತೇನೆ. ಮೊದಲನೆಯದು, ಅದು ಕಚೇರಿಗೆ ಹೇಳುವುದನ್ನೆಲ್ಲ ಅದೇ ಕ್ಷಣದಲ್ಲಿ, ಅರ್ಥವಾಗುವ ಕನ್ನಡದಲ್ಲಿ, ಮನೆಯೊಳಗೆ ಕೆಲಸ ಮಾಡುವವರ ಕಣ್ಣಿಗೆ ಬೀಳುವ ಜಾಗದಲ್ಲಿ ನಮಗೂ ಹೇಳಬೇಕು. ಮೊಬೈಲು ಇಲ್ಲದ ಅಜ್ಜಿಗೂ ಅದು ತಿಳಿಯಬೇಕು. ಮನೆಯಲ್ಲಿ ಹೆಚ್ಚು ಹೊತ್ತು ಇರುವವರು ಅವರೇ. ಎರಡನೆಯದು, ಹಣದ ಲೆಕ್ಕಕ್ಕೆ ಬೇಕಾದುದಕ್ಕಿಂತ ಹೆಚ್ಚನ್ನು ನಮ್ಮನ್ನು ಕೇಳದೆ ಅದು ಹೊರಗೆ ಹೇಳಬಾರದು. ಸೌದೆಯ ರಾಶಿಯನ್ನು ಮನೆಯಾಕೆ ನೋಡುತ್ತಿದ್ದಳು. ಸೌದೆಯ ರಾಶಿ ಆಕೆಯನ್ನು ನೋಡುತ್ತಿರಲಿಲ್ಲ. ಆ ಹಳೆಯ ಮರ್ಯಾದೆ ಹೊಸ ಯಂತ್ರಕ್ಕೂ ಇರಲಿ.